ಹೆರಿಗೆ ನಂದು ಅಂದ್ರೆ ಎಷ್ಟು ನಂದು? 32 ವಾರ, ಒಂದು ಹಾಳೆ ಬರೀತಾ ಕೂತಿದೀನಿ

ಹಾಳೆ_ಪೆನ್ನು:
ಎಲ್ಲರಿಗೂ ನಮಸ್ಕಾರ. ಚೊಚ್ಚಲು, 32 ವಾರ ಮುಗೀತು. ಬಿಪಿ, ಶುಗರ್ ಎಲ್ಲಾ ಸರಿ ಇದೆ, ಮಗು ತಲೆ ಕೆಳಗಿದೆ. ತೊಂದರೆ ಮೈಗಲ್ಲ, ಮನಸ್ಸಿಗೆ.

ಕಳೆದ ಚೆಕಪ್‌ನಲ್ಲಿ ಡಾಕ್ಟರ್ ಹತ್ರ ಮೂರು ಪ್ರಶ್ನೆ ಕೇಳ್ದೆ. ನೋವು ಶುರುವಾದ್ಮೇಲೆ ಓಡಾಡ್ಕೊಂಡಿರಬಹುದಾ? ಜೊತೇಲಿ ನಮ್ಮವರೊಬ್ರು ಇರಬಹುದಾ? ಮಗು ಬರೋ ದಾರಿ ಅಗಲ ಮಾಡೋಕೆ ಕತ್ತರಿ ಹಾಕೋ ಮುಂಚೆ ನನಗೆ ಹೇಳ್ತೀರಾ? ಅವರು ಕಂಪ್ಯೂಟರ್ ನೋಡ್ತಾನೇ "ಅದೆಲ್ಲಾ ಆ ಟೈಮಿಗೆ ನೋಡ್ಕೊಳ್ಳೋಣಮ್ಮ, ನೀನು ಟೆನ್ಷನ್ ಮಾಡ್ಕೋಬೇಡ" ಅಂದ್ರು. ಒರಟಾಗಿ ಅಲ್ಲ, ಅಕ್ಕರೆಯಿಂದಲೇ ಅಂದ್ರು. ಒರಟಾಗಿ ಅಂದಿದ್ರೆ ಜಗಳನಾದ್ರೂ ಆಡ್ತಿದ್ದೆ. ಹೊರಗೆ ಬಂದು ಚಪ್ಪಲಿ ಹಾಕ್ಕೊಳ್ತಾ ಇದ್ದಾಗ ಹೊಳೀತು, "ಆ ಟೈಮಿಗೆ" ನಾನು ಕೇಳೋ ಸ್ಥಿತೀಲಿ ಇರ್ತೀನಾ?

ಅದಕ್ಕೆ ಒಂದು ಹಾಳೇಲಿ ನನಗೇನು ಬೇಕು, ಏನು ಬೇಡ ಅಂತ ಬರೆದಿಡೋಣ ಅಂತ ಕೂತಿದೀನಿ. ಇಲ್ಲಿ ಹೆತ್ತವರೂ ಇದೀರಿ, ಹೆರಿಗೆ ಮಾಡಿಸಿದವರೂ ಇದೀರಿ. ತಾಯಿ ಮಾತು ಎಲ್ಲಿವರೆಗೆ ನಡೆಯುತ್ತೆ, ಎಲ್ಲಿ ನಿಂತುಹೋಗುತ್ತೆ? ನಾರ್ಮಲ್ ಮೇಲಾ ಸಿಸೇರಿಯನ್ ಮೇಲಾ ಅನ್ನೋ ಜಗಳ ಮಾತ್ರ ಬೇಡ, ಕೈ ಮುಗೀತೀನಿ.

ಇಬ್ಬರ_ಅಮ್ಮ:
ತಂಗಿ, ಇದೇ ಮಾತನ್ನ ನನಗೂ ಹೇಳಿದ್ರು, ಹನ್ನೊಂದು ವರ್ಷದ ಹಿಂದೆ. ಸರಿ ಅಂತ ಸುಮ್ಮನಾದೆ.

ಮೊದಲನೇ ಹೆರಿಗೆ ಅಂದ್ರೆ ನನಗೆ ನೆನಪಿಗೆ ಬರೋದು ಸೂರು. ಎರಡು ಟ್ಯೂಬ್‌ಲೈಟು, ಅದರಲ್ಲೊಂದು ಪಟಪಟ ಅಂತ ಹತ್ತಿ ಆರಿ ಮಾಡ್ತಿತ್ತು. ಕಾಲೆರಡೂ ಮೇಲಕ್ಕೆ ಕಟ್ಟಿದ್ರು. ಒಳಗೆ ಕೈ ಹಾಕಿ ನೋಡೋಕೆ ಎಷ್ಟು ಜನ ಬಂದ್ರು ಅಂತ ಎಣಿಸ್ತಿದ್ದೆ, ಐದಾದ್ಮೇಲೆ ಬಿಟ್ಟುಬಿಟ್ಟೆ. ಒಬ್ಬರ ಮುಖಾನೂ ನೆನಪಿಲ್ಲ, ಯಾರೂ ನನ್ನ ಮುಖದ ಕಡೆಗೆ ಬಂದೇ ಇರ್ಲಿಲ್ಲ. ಕತ್ತರಿ ಹಾಕಿದ್ದು ಗೊತ್ತಾಗಿದ್ದು ಶಬ್ದದಿಂದ. ದಪ್ಪ ಬಟ್ಟೆ ಕತ್ತರಿಸಿದ ಹಾಗೆ ಕರಕ್ ಅಂತು.

ಎರಡನೇದ್ರಲ್ಲೂ ಕತ್ತರಿ ಬಿತ್ತು. ಆದ್ರೆ ಆ ಡಾಕ್ಟರಮ್ಮ ನನ್ನ ತಲೆ ಹತ್ರ ಬಂದು ಬಗ್ಗಿ, "ಮಗು ಎದೆಬಡಿತ ಇಳೀತಾ ಇದೆ, ಸ್ವಲ್ಪ ಜಾಗ ಮಾಡಿದ್ರೆ ಈಗ್ಲೇ ಬಂದ್ಬಿಡುತ್ತೆ, ಮಾಡ್ಲಾ?" ಅಂದ್ರು. ಕೇಳೋಕೆ ನಾಲ್ಕು ಸೆಕೆಂಡು ಹಿಡಿದಿರಬೇಕು. ಹೂಂ ಅಂದೆ. ಅದೇ ಕತ್ತರಿ, ಅದೇ ಹೊಲಿಗೆ. ಮೊದಲನೇದು ನೆನೆಸಿಕೊಂಡ್ರೆ ಇವತ್ತಿಗೂ ತೊಡೆ ಬಿಗಿಯುತ್ತೆ. ಎರಡನೇದು ಹೊಲಿಗೆ ಒಣಗೋ ಮುಂಚೆನೇ ಮರೆತುಹೋಗಿತ್ತು.

ರಾತ್ರಿಪಾಳಿ:
ಲೇಬರ್ ವಾರ್ಡಲ್ಲಿ 17 ವರ್ಷ ಆಯ್ತು. ಟೇಬಲ್ಲಿನ ಈ ಕಡೆಯಿಂದ ಹೇಳ್ತೀನಿ.

ಅಂಗಾತ ಮಲಗಿಸೋದು ಯಾಕೆ? ನಮ್ಮ ಸೊಂಟಕ್ಕೆ ಅನುಕೂಲ ಅಂತ. ಮುಕ್ಕಾಲು ಸಲ ಬೇರೆ ಕಾರಣ ಇರಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆ ಆರೈಕೆ ಬಗ್ಗೆ 56 ಶಿಫಾರಸು ಹೊರಡಿಸ್ತು. ತೊಂದರೆ ಇಲ್ಲದ ಬಸುರಿ ನೋವಿನ ಹೊತ್ತಲ್ಲಿ ಓಡಾಡ್ಲಿ, ಕೂರ್ಲಿ, ಬೇಕಾದ್ದು ತಿನ್ಲಿ, ಕುಡೀಲಿ. ಅವಳಿಗೆ ಬೇಕಾದವರೊಬ್ರು ಪಕ್ಕದಲ್ಲಿರ್ಲಿ. ಒಳಪರೀಕ್ಷೆ ನಾಲ್ಕು ಗಂಟೆಗೊಮ್ಮೆ ಸಾಕು. ಎಲ್ಲರಿಗೂ ಕತ್ತರಿ ಹಾಕೋದು ಬೇಡ. ಹೊಟ್ಟೆ ಮೇಲೆ ಒತ್ತಿ ಮಗು ತಳ್ಳೋದು ಬೇಡ. ಕೂದಲು ತೆಗೆಯೋದು, ಎನಿಮಾ ಕೊಡೋದು ಕೂಡ ವಾಡಿಕೆ ಆಗಬಾರದು ಅಂತಿದೆ. ಹಾಗಾಗಿ ನೀನು ಕೇಳಿದ ಮೂರೂ ಪ್ರಶ್ನೆ ಹೊಸ ಕಾಲದ ಹುಡುಗಿಯ ಹಟ ಅಲ್ಲ, ಪುಸ್ತಕದಲ್ಲೇ ಇರೋದು.

ಇನ್ನೊಂದು, ಗರ್ಭಕಂಠ ಗಂಟೆಗೆ ಒಂದು ಸೆಂಟಿಮೀಟರ್ ತೆರೀಬೇಕು ಅನ್ನೋ ಲೆಕ್ಕ. 1955ರಲ್ಲಿ ಅಮೆರಿಕದ ಫ್ರೀಡ್‌ಮನ್ ಅನ್ನೋ ಡಾಕ್ಟರ್ 500 ಚೊಚ್ಚಲ ಹೆರಿಗೆ ಗಮನಿಸಿ ಒಂದು ಗೆರೆ ಎಳೆದ್ರು. ಅದರ ಬೆನ್ನಿಗೆ ಬಂದ ಲೆಕ್ಕ ಇದು, ನಾವೆಲ್ಲ ಕಲಿತಿದ್ದೂ ಇದೇ. ಗೆರೆಗಿಂತ ನಿಧಾನ ಆದ್ರೆ ಡ್ರಿಪ್ಪಿಗೆ ಆಕ್ಸಿಟೋಸಿನ್. ಅದು ಹೋದ್ರೆ ನೋವು ಜೋರು. ನೋವು ಜೋರಾದ್ರೆ ಹೊಟ್ಟೆಗೆ ಮಾನಿಟರ್ ಬೆಲ್ಟು. ಬೆಲ್ಟು ಕಟ್ಟಿದ್ಮೇಲೆ ಏಳೋ ಹಾಗಿಲ್ಲ. ಒಂದಕ್ಕೆ ಹೂಂ ಅಂದ್ರೆ ಉಳಿದ ಮೂರಕ್ಕೂ ಹೂಂ ಅಂದ ಹಾಗೆ, ಆದ್ರೆ ಆ ಮೂರನ್ನ ಯಾರೂ ಮೊದಲೇ ಹೇಳಿರಲ್ಲ. 2018ರ ಶಿಫಾರಸು ಈ ಗೆರೆಯನ್ನೇ ಒಪ್ಪಲ್ಲ. ಐದು ಸೆಂಟಿಮೀಟರ್ ತೆರೆದ್ಮೇಲೇ ಜೋರು ಹಂತ ಶುರು, ಗಂಟೆಗೊಂದು ಅನ್ನೋ ವೇಗ ಕೆಲವರಿಗೆ ಆಗದ ಮಾತು, ಬರೀ ಅದನ್ನೇ ನೋಡಿ ಕೈ ಹಾಕಬೇಡಿ ಅನ್ನುತ್ತೆ. ಆದ್ರೆ ವಾರ್ಡಲ್ಲಿ ಹಳೇ ಕೈ ಹಳೇ ಚಾಳಿ. ಹೊರಗೆ ಇನ್ನಿಬ್ರು ಮಂಚಕ್ಕೆ ಕಾಯ್ತಿರ್ತಾರೆ, ಅದೂ ನಿಜ.

ಬಿಳಿಕೋಟು:
ನಾನು ಪ್ರಸೂತಿ ತಜ್ಞ. ಬೈಸಿಕೊಳ್ಳಲು ಸಿದ್ಧನಾಗಿಯೇ ಬರೆಯುತ್ತಿದ್ದೇನೆ.

ಸಿಸ್ಟರ್ ಬರೆದದ್ದರಲ್ಲಿ ತಪ್ಪೇನಿಲ್ಲ. ಆದರೆ ಹಾಳೆ ಬರೆಯುವವರು ಒಂದು ವ್ಯತ್ಯಾಸ ತಿಳಿದಿರಬೇಕು. "ಇದು ಬೇಡ" ಎನ್ನುವ ಹಕ್ಕು ಬೇರೆ, "ಇದೇ ಬೇಕು" ಎನ್ನುವ ಹಕ್ಕು ಬೇರೆ. ಮೊದಲನೆಯದು ಹೆಚ್ಚುಕಡಿಮೆ ಪೂರ್ತಿ ನಿಮ್ಮದು: ನಿಮ್ಮ ಮೈಮೇಲೆ ನಿಮ್ಮ ಒಪ್ಪಿಗೆ ಇಲ್ಲದೆ ನಾನು ಕೈ ಇಡುವಂತಿಲ್ಲ. ಎರಡನೆಯದಕ್ಕೆ ಮಿತಿ ಇದೆ. ಮಾಸು ಗರ್ಭಕಂಠವನ್ನು ಪೂರ್ತಿ ಮುಚ್ಚಿಕೊಂಡು ಕೂತಿದ್ದರೆ ನಾರ್ಮಲ್ ಹೆರಿಗೆಯನ್ನು ನಾನು ಕೊಡಲಾರೆ, ಯಾರೂ ಕೊಡಲಾರರು. "ಸಿಸೇರಿಯನ್ ಬೇಡ" ಎಂದು ದಪ್ಪಕ್ಷರದಲ್ಲಿ ಬರೆದ ನಾಲ್ಕು ಪುಟದ ಪಟ್ಟಿಗಳು ನನ್ನ ಮೇಜಿಗೆ ಬರುತ್ತವೆ. ಅದನ್ನು ಆಯ್ಕೆ ಎನ್ನಲಾಗದು, ಹರಕೆ ಎನ್ನಬಹುದು.

ಇನ್ನು ಸಮಯ. ನೀರು ಒಡೆದು ಮಗುವಿಗಿಂತ ಮೊದಲು ಹೊಕ್ಕುಳಬಳ್ಳಿ ಜಾರಿ ಬಂದರೆ, ಒಬ್ಬರು ಒಳಗೆ ಕೈಯಿಟ್ಟು ಮಗುವಿನ ತಲೆಯನ್ನು ಬಳ್ಳಿಯ ಮೇಲೆ ಕೂರದಂತೆ ಮೇಲಕ್ಕೆ ತಳ್ಳಿ ಹಿಡಿದೇ ಇರಬೇಕು. ಮಂಚವನ್ನು ಹಾಗೆಯೇ ಓಡಿಸಿಕೊಂಡು ಆಪರೇಷನ್ ಥಿಯೇಟರಿಗೆ ಹೋಗುತ್ತೇವೆ. ಆಗ ಸಾಧಕ ಬಾಧಕ ವಿವರಿಸಲು ನಮಗೆ ಸಿಗುವುದು ಕಾರಿಡಾರಿನ ಉದ್ದ ಮಾತ್ರ.

ಮತ್ತೊಂದು ಮಾತು: ಔಷಧ ಕೊಟ್ಟು ಹೆರಿಗೆ ನೋವು ಬರಿಸುವುದನ್ನೆಲ್ಲ ಖಳನಾಯಕ ಮಾಡಬೇಡಿ. 2018ರಲ್ಲಿ ಪ್ರಕಟವಾದ ಅರೈವ್ ಎಂಬ ಅಧ್ಯಯನದಲ್ಲಿ ತೊಂದರೆಯಿಲ್ಲದ ಆರು ಸಾವಿರಕ್ಕೂ ಹೆಚ್ಚು ಚೊಚ್ಚಲು ಬಸುರಿಯರಿದ್ದರು. 39ನೇ ವಾರದಲ್ಲಿ ನೋವು ಬರಿಸಿದವರಲ್ಲಿ ಸಿಸೇರಿಯನ್ ಶೇ 18.6, ಕಾದು ನೋಡಿದವರಲ್ಲಿ ಶೇ 22.2. ಅಂದರೆ ಎಲ್ಲರಿಗೂ ಬರಿಸಿ ಎಂದು ಅರ್ಥವಲ್ಲ. "ಇಂಜೆಕ್ಷನ್ ಕೊಟ್ಟರೆ ಸಿಸೇರಿಯನ್ನೇ ಗತಿ" ಎಂಬ ಮಾತು ಸುಳ್ಳು ಎಂದಷ್ಟೇ.

ಹಾಳೆ_ಪೆನ್ನು:
ಸರ್, ಬಳ್ಳಿ ಜಾರಿದಾಗ ನನ್ನನ್ನ ಕೇಳ್ತಾ ನಿಲ್ಲಿ ಅಂತ ಯಾರೂ ಹೇಳಲ್ಲ. ಅಂಥ ಹೊತ್ತಲ್ಲಿ ಏನು ಮಾಡ್ತೀರಿ ಅಂತ 32ನೇ ವಾರದಲ್ಲಿ ಯಾಕೆ ಹೇಳಬಾರದು ಅನ್ನೋದು ನನ್ನ ಪ್ರಶ್ನೆ. ಈಗ ನನಗೆ ನೋವಿಲ್ಲ, ತಲೆ ಸರಿ ಇದೆ, ಎರಡು ತಿಂಗಳು ಟೈಮಿದೆ. ಈಗ ಕೇಳಿದ್ರೆ "ಆಮೇಲೆ" ಅಂತೀರಿ. ಆಮೇಲೆ ಕೇಳಿದ್ರೆ "ಈಗ ಟೈಮಿಲ್ಲ" ಅಂತೀರಿ.

ಬಿಳಿಕೋಟು:
ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಹೊರಗೆ ನಲವತ್ತು ಜನ ಕೂತಿರುತ್ತಾರೆ ಎಂಬುದು ಕಾರಣ, ಉತ್ತರವಲ್ಲ.

ಕೇಳಿ_ಆರಿಸಿದ್ದು:
ಎಲ್ಲರೂ ಕತ್ತರಿ, ಡ್ರಿಪ್ ಬೇಡ ಅನ್ನೋ ಕಡೆಯಿಂದಲೇ ಮಾತಾಡ್ತಿದೀರಿ. ನಾನು ಸಿಸೇರಿಯನ್ ಬೇಕು ಅಂತ ಕೇಳಿ ಮಾಡಿಸ್ಕೊಂಡವಳು. ಕಾರಣ ಇಲ್ಲಿ ಬರೆಯಲ್ಲ, ಬರೆಯೋ ಅಗತ್ಯ ಇರಬಾರದು ಅನ್ನೋದೇ ನನ್ನ ವಾದ.

ನಾನು ಹೋದ ಮೊದಲ ಡಾಕ್ಟರ್ "ನೋವು ತಿಂದ್ರೇನೇ ತಾಯಿ" ಅಂದ್ರು. ಎರಡನೆಯವರು ಕೂರಿಸಿಕೊಂಡು ಹೇಳಿದ್ರು: ಮುಂದಿನ ಬಸಿರಲ್ಲಿ ಮಾಸು ಹಳೇ ಗಾಯಕ್ಕೆ ಅಂಟಿಕೊಳ್ಳೋ ಭಯ ಜಾಸ್ತಿ, ರಕ್ತ ಹೆಪ್ಪುಗಟ್ಟೋ ಭಯ ಇದೆ, ಚೇತರಿಕೆಗೆ ವಾರಗಳು ಬೇಕು, ಎಷ್ಟು ಮಕ್ಕಳು ಬೇಕು ಅಂತ ಯೋಚಿಸಿದೀಯಾ ಅಂತ. ಒಂದೇ ಮಗು ಅಂದೆ. ಸರಿ ಅಂದ್ರು. ಬ್ರಿಟನ್‌ನ ನೈಸ್ ಸಂಸ್ಥೆಯ ಮಾರ್ಗಸೂಚಿ 2011ರಿಂದಲೂ ಇದನ್ನೇ ಹೇಳುತ್ತೆ, ಎಲ್ಲಾ ವಿವರಿಸಿದ ಮೇಲೂ ಆಕೆಗೆ ಸಿಸೇರಿಯನ್ನೇ ಬೇಕು ಅಂದ್ರೆ ಮಾಡಿಕೊಡಿ ಅಂತ.

ನೋವಿನ ವಿಷಯಕ್ಕೆ ಒಂದು ಹಳೇ ಕಥೆ. 1847ರಲ್ಲಿ ಎಡಿನ್‌ಬರೋದ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಬಳಸಿದಾಗ, ನೋವು ದೇವರು ಕೊಟ್ಟಿದ್ದು, ತಪ್ಪಿಸಬಾರದು ಅಂದವರಿದ್ರು. 1853ರಲ್ಲಿ ವಿಕ್ಟೋರಿಯಾ ರಾಣಿ ಎಂಟನೇ ಹೆರಿಗೆಗೆ ಅದನ್ನೇ ತಗೊಂಡ್ಳು. ಆಮೇಲೆ ಅದು ಮರ್ಯಾದಸ್ಥರ ಪದ್ಧತಿ ಆಯ್ತು. ರಾಣಿ ಕೇಳಿದ್ರೆ ಆಯ್ಕೆ, ನಾವು ಕೇಳಿದ್ರೆ ನಾಜೂಕು! ಈಗ್ಲೂ ಎಪಿಡ್ಯೂರಲ್, ಅಂದ್ರೆ ನೋವು ಗೊತ್ತಾಗದ ಹಾಗೆ ಬೆನ್ನಿಗೆ ಕೊಡೋ ಔಷಧ, ಬೇಕು ಅಂದ್ರೆ "ಸಿಸೇರಿಯನ್ ಆಗ್ಬಿಡುತ್ತೆ" ಅಂತ ಹೆದರಿಸ್ತಾರೆ. ಬೇರೆ ಬೇರೆ ಅಧ್ಯಯನ ಒಟ್ಟು ಹಾಕಿ ನೋಡೋ ಕಾಕ್ರನ್ ಸಂಸ್ಥೆಯ 2018ರ ವಿಮರ್ಶೆ ಪ್ರಕಾರ ಅದರಿಂದ ಸಿಸೇರಿಯನ್ ಹೆಚ್ಚಾಗಲ್ಲ.

ಮನೆಬೆಳಕು:
ನನ್ನ ಮೂರೂ ಮಕ್ಕಳು ಮನೇಲೇ ಹುಟ್ಟಿದ್ದು. ಬಾಗಿಲು ದಾಟಿ ಆಸ್ಪತ್ರೆ ಒಳಗೆ ಕಾಲಿಟ್ಟ ಮೇಲೆ ನಿಮ್ಮ ಮಾತು ನಿಮ್ಮದಲ್ಲ, ಹಾಳೆ ಬರೆದ್ರೂ ಅಷ್ಟೇ. ದೇಹಕ್ಕೆ ಹೆರೋದು ಗೊತ್ತು. ಹೆದರಿಸೋರ ಮಾತು ಕೇಳಬೇಡಿ.

ರಾತ್ರಿಪಾಳಿ:
ಮನೆಬೆಳಕು ಅವರೇ, ನಿಮಗೆ ಒಳ್ಳೇದಾಯ್ತು, ಸಂತೋಷ. ಆದ್ರೆ ಚೊಚ್ಚಲು ಬಸುರಿಗೆ ಇಷ್ಟು ಸಲೀಸಾಗಿ ಹೇಳಬೇಡಿ. ಇಂಗ್ಲೆಂಡಿನಲ್ಲಿ 2011ರಲ್ಲಿ ತೊಂದರೆಯಿಲ್ಲದ 64 ಸಾವಿರ ಹೆಂಗಸರ ಹೆರಿಗೆ ನೋಡಿದ ದೊಡ್ಡ ಅಧ್ಯಯನ ಬಂತು. ಎರಡನೇ ಮೂರನೇ ಹೆರಿಗೆಯವರಿಗೆ ಮನೆಯಲ್ಲಾದ್ರೂ ಮಗುವಿಗೆ ಅಪಾಯ ಹೆಚ್ಚಿರಲಿಲ್ಲ. ಚೊಚ್ಚಲಿಗೆ ಮಾತ್ರ ಮಗುವಿಗೆ ಗಂಭೀರ ತೊಂದರೆ ಆಸ್ಪತ್ರೇಲಿ ಸಾವಿರಕ್ಕೆ 5.3, ಮನೇಲಿ 9.3. ಮನೇಲಿ ಶುರು ಮಾಡಿದ ಚೊಚ್ಚಲಿನವರಲ್ಲಿ ನೂರಕ್ಕೆ 45 ಜನ ನಡುವೆ ಆಸ್ಪತ್ರೆಗೆ ಹೋಗಬೇಕಾಯ್ತು. ಅದೂ ಅಲ್ಲಿ ತರಬೇತಾದ ಸೂಲಗಿತ್ತಿ, ಕರೆದ ಕೂಡಲೇ ಗಾಡಿ, ದಾರಿ ಕಾಯ್ತಿರೋ ಆಸ್ಪತ್ರೆ ಎಲ್ಲಾ ಇದ್ದು. ಅದ್ಯಾವುದೂ ಇಲ್ಲದ ಕಡೆ ಈ ಲೆಕ್ಕಾನೂ ಹೊಂದಲ್ಲ. ಎರಡೂ ಸಂಖ್ಯೆ ಅವಳಿಗೆ ಹೇಳಿ, ಆಮೇಲೆ ಅವಳು ಏನು ಬೇಕಾದ್ರೂ ಆರಿಸಲಿ. ಒಂದೇ ಹೇಳಿದ್ರೆ ನೀವೂ ಆ ಡಾಕ್ಟರ್ ಮಾಡಿದ್ದನ್ನೇ ಮಾಡಿದ ಹಾಗೆ.

ಮನೆಬೆಳಕು:
ಒಪ್ಪಿದೆ. ಆದ್ರೆ ಹೆಂಗಸರು ಮನೆ ಕಡೆ ಯಾಕೆ ಓಡ್ತಾರೆ ಅಂತಲೂ ಯೋಚಿಸಿ. ಸಂಖ್ಯೆ ನೋಡಿ ಯಾರೂ ಓಡಲ್ಲ. ಮೊದಲನೇ ಸಲ ಒಳಗೆ ಏನಾಯ್ತು ಅನ್ನೋದನ್ನ ನೆನೆಸಿಕೊಂಡು ಓಡ್ತಾರೆ.

ಸೆಕ್ಷನ್_ಪ್ಲೀಸ್:
ಕಾನೂನು ಓದಿಕೊಂಡವಳು. ಚುಟುಕಾಗಿ ಹೇಳಲು ಪ್ರಯತ್ನಿಸುತ್ತೇನೆ, ಆಗುವುದಿಲ್ಲ ಅಂತ ಗೊತ್ತು.

2015ರಲ್ಲಿ ಬ್ರಿಟನ್‌ನ ಸುಪ್ರೀಂ ಕೋರ್ಟ್ ಮಾಂಟ್ಗೊಮರಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಸಕ್ಕರೆ ಕಾಯಿಲೆ ಇದ್ದ ತಾಯಿ. ಅಂಥವರಲ್ಲಿ ಮಗುವಿನ ತಲೆ ಬಂದು ಭುಜ ಸಿಕ್ಕಿಕೊಳ್ಳುವ ಸಂಭವ ನೂರಕ್ಕೆ 9ರಿಂದ 10. ಮಗು ದೊಡ್ಡದಿದೆ ಎಂಬ ಆತಂಕವನ್ನು ಆಕೆ ಹೇಳಿಕೊಂಡಿದ್ದರು. ವೈದ್ಯರು ಈ ಅಪಾಯ ತಿಳಿಸಲಿಲ್ಲ, ತಿಳಿಸಿದರೆ ಎಲ್ಲರೂ ಸಿಸೇರಿಯನ್ ಕೇಳುತ್ತಾರೆ ಎಂಬುದು ಅವರ ಸಮರ್ಥನೆ. 1999ರಲ್ಲಿ ಹುಟ್ಟಿದ ಆ ಮಗುವಿನ ಭುಜ ಸಿಕ್ಕಿಕೊಂಡಿತು, ಮೆದುಳಿಗೆ ಪೆಟ್ಟಾಯಿತು. ಹದಿನಾರು ವರ್ಷದ ನಂತರ ಕೋರ್ಟ್ ಹೇಳಿದ್ದು ಇಷ್ಟು: ಏನು ತಿಳಿಸಬೇಕು ಎನ್ನುವುದಕ್ಕೆ ಅಳತೆಗೋಲು ವೈದ್ಯರ ವಾಡಿಕೆಯಲ್ಲ, ಆ ಸ್ಥಿತಿಯಲ್ಲಿರುವ ಹೆಂಗಸಿಗೆ ಯಾವುದು ಮುಖ್ಯ ಅನ್ನಿಸುತ್ತದೋ ಅದು.

ಅದಕ್ಕೂ ಮೊದಲು, 1987ರಲ್ಲಿ ವಾಷಿಂಗ್ಟನ್‌ನಲ್ಲಿ, ಕ್ಯಾನ್ಸರ್‌ನಿಂದ ಸಾಯುತ್ತಿದ್ದ 26 ವಾರದ ಬಸುರಿಗೆ ಕೋರ್ಟಿನ ಆದೇಶದ ಮೇಲೆ ಸಿಸೇರಿಯನ್ ಮಾಡಿದರು. ಮಗು ಕೆಲವೇ ಗಂಟೆಯೊಳಗೆ ಹೋಯಿತು, ತಾಯಿ ಎರಡು ದಿನಕ್ಕೆ. 1990ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶ ತಪ್ಪು ಎಂದಿತು. ಆಕೆಗೆ ಅದರಿಂದ ಆದದ್ದೇನು?

ಮನೆ ಹೆರಿಗೆಯೂ ಕೋರ್ಟು ಕಂಡಿದೆ. 2010ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಹಂಗೇರಿಯ ಪ್ರಕರಣದಲ್ಲಿ, ಎಲ್ಲಿ ಹೇಗೆ ಹೆರಬೇಕು ಎನ್ನುವುದು ಖಾಸಗಿ ಬದುಕಿನ ಭಾಗ ಎಂದಿತು. 2016ರಲ್ಲಿ ಅದೇ ನ್ಯಾಯಾಲಯ ಚೆಕ್ ದೇಶದ ಪ್ರಕರಣದಲ್ಲಿ, ಮನೆಗೆ ಸೂಲಗಿತ್ತಿ ಹೋಗದಂತೆ ಸರ್ಕಾರ ತಡೆದರೂ ಹಕ್ಕಿನ ಉಲ್ಲಂಘನೆಯಲ್ಲ ಎಂದಿತು. ಇನ್ನೊಂದು ಕಡೆ, ಹೆರಿಗೆ ಕೋಣೆಯ ದೌರ್ಜನ್ಯಕ್ಕೆ ಕಾನೂನಿನಲ್ಲೇ ಹೆಸರಿಟ್ಟ ದೇಶ ವೆನೆಜುವೆಲಾ, 2007ರಲ್ಲಿ. ಹೆಸರಿಟ್ಟ ಮಾತ್ರಕ್ಕೆ ನಿಂತುಹೋಗುತ್ತದೆ ಅಂತಲ್ಲ. ಆದರೆ ಇಬ್ಬರ_ಅಮ್ಮ ಅವರು ಬರೆದ ಕತ್ತರಿ ಶಬ್ದವನ್ನು "ಹೆರಿಗೆ ಅಂದ್ಮೇಲೆ ಅದೆಲ್ಲಾ ಇದ್ದದ್ದೇ" ಅನ್ನಲು ಅಲ್ಲಿ ಬರುವುದಿಲ್ಲ. 2019ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನ ಘಾನಾ, ಗಿನಿ, ಮ್ಯಾನ್ಮಾರ್, ನೈಜೀರಿಯಾದ ಹೆರಿಗೆ ಕೋಣೆಗಳಲ್ಲಿ ಕೂತು ನೋಡಿತು. ಕತ್ತರಿ ಹಾಕಿದ ಮುಕ್ಕಾಲು ಸಂದರ್ಭದಲ್ಲಿ ಒಪ್ಪಿಗೆ ಕೇಳಿರಲಿಲ್ಲ.

ಬಾಗಿಲಾಚೆ:
ಇಷ್ಟು ದಿನ ಸುಮ್ನೆ ಓದ್ಕೊಂಡಿದ್ದೆ. ಗಂಡಸರು ಬರೀಬಹುದಾ ಗೊತ್ತಿಲ್ಲ.

ನನ್ನ ಹೆಂಡತಿ ಹೆರಿಗೆ ದಿನ ಒಬ್ರು ಬಾಗಿಲು ಅರ್ಧ ತೆಗೆದು ಒಂದು ಫಾರಂ ಕೊಟ್ಟು "ಇಲ್ಲಿ, ಇಲ್ಲಿ, ಇಲ್ಲಿ" ಅಂತ ಬೆರಳು ಇಟ್ರು. ಮೂರು ಕಡೆ ಸಹಿ ಹಾಕ್ದೆ. ಓದ್ಲಿಲ್ಲ. ಕೈ ನಡುಗ್ತಿತ್ತು, ಓದಿದ್ರೂ ತಲೆಗೆ ಹೋಗ್ತಿರ್ಲಿಲ್ಲ. ಬಾಗಿಲಾಚೆ ಅವಳು ಎಚ್ಚರವಾಗಿಯೇ ಇದ್ಳು, ಮಾತಾಡ್ತಾನೇ ಇದ್ಳು. ಅವಳನ್ನ ಕೇಳಲಿಲ್ಲ. ನಾನು ಯಾವುದಕ್ಕೆ ಒಪ್ಪಿದೆ ಅಂತ ಅವಳು ಆಮೇಲೆ ಕೇಳಿದಾಗ ನನಗೆ ಗೊತ್ತಿರ್ಲಿಲ್ಲ.

ಸೆಕ್ಷನ್_ಪ್ಲೀಸ್:
ಬರೀಬಹುದು ಸರ್, ಖಂಡಿತ. ವಯಸ್ಸಿಗೆ ಬಂದ, ಪ್ರಜ್ಞೆ ಇರುವ ಹೆಂಗಸಿನ ಮೈ ವಿಷಯದಲ್ಲಿ ಒಪ್ಪಿಗೆ ಆಕೆಯದೇ. ಗಂಡನ ಸಹಿ ಜೊತೆಗಿರಬಹುದು, ಬದಲಿಗಲ್ಲ.

ಹಳೇಗಾಯ:
ಮೊದಲು ಸಿಸೇರಿಯನ್ ಆಗಿದ್ರೆ ಆಯ್ಕೆನೇ ಇಲ್ವಾ? ನನಗೆ ಕಡ್ಡಿ ಮುರಿದ ಹಾಗೆ "ಮತ್ತೆ ಅದೇ" ಅಂದಿದಾರೆ.

ಬಿಳಿಕೋಟು:
ಹಿಂದಿನ ಕೊಯ್ತ ಕೆಳಗೆ ಅಡ್ಡ ಇದ್ದು, ಬೇರೆ ತೊಡಕಿಲ್ಲದಿದ್ದರೆ ಪ್ರಯತ್ನಿಸಿದವರಲ್ಲಿ ನೂರಕ್ಕೆ 72ರಿಂದ 75 ಜನಕ್ಕೆ ನಾರ್ಮಲ್ ಆಗುತ್ತದೆ. ಗರ್ಭಕೋಶದ ಹಳೆಯ ಗಾಯ ಬಿಡುವ ಸಂಭವ ಸುಮಾರು 200ಕ್ಕೆ ಒಂದು. ಚಿಕ್ಕದು, ಆದರೆ ಆದಾಗ ಚಿಕ್ಕದಲ್ಲ. ಹಗಲು ರಾತ್ರಿ ಥಿಯೇಟರು, ಅರಿವಳಿಕೆ ವೈದ್ಯರು, ರಕ್ತ ಸಿದ್ಧವಿರುವ ಕಡೆಯಲ್ಲೇ ಮಾಡಬೇಕು. "ನಮ್ಮಲ್ಲಿ ಆ ವ್ಯವಸ್ಥೆ ಇಲ್ಲ" ಎನ್ನುವುದು ಪ್ರಾಮಾಣಿಕ ಉತ್ತರ. "ಆಗುವುದೇ ಇಲ್ಲ" ಎನ್ನುವುದಲ್ಲ. ಯಾವುದು ಅಂತ ಕೇಳಿ ನೋಡಿ.

ಮೂರು_ವರ್ಷ:
ಇಲ್ಲಿವರೆಗೂ ಓದಿ ಬರೆಯೋಣ ಅಂತ ಅನ್ನಿಸ್ತು. ನನಗೆ ಕೇಳೋಕೆ ನಿಜವಾಗಿಯೂ ಟೈಮ್ ಇರ್ಲಿಲ್ಲ. ಮಾಸು ಬೇಗ ಬಿಟ್ಟುಕೊಂಡು ರಕ್ತ ಹೋಗ್ತಿತ್ತು, ಪೂರ್ತಿ ಪ್ರಜ್ಞೆ ತಪ್ಪಿಸಿ ತೆಗೆದ್ರು. ನಾನೂ ಉಳಿದೆ, ಮಗಳೂ ಉಳಿದಳು. ಆ ಡಾಕ್ಟರ ಮೇಲೆ ನನಗೆ ಕಿಂಚಿತ್ತೂ ಸಿಟ್ಟಿಲ್ಲ.

ಆದ್ರೆ ಆಮೇಲೆ ನಾಲ್ಕು ದಿನ ಅಲ್ಲೇ ಇದ್ದೆ. ಬೆಳಿಗ್ಗೆ ಸಂಜೆ ರೌಂಡ್ಸ್‌ಗೆ ಬರೋರು, ಗಾಯ ನೋಡೋರು, ಬರೆಯೋರು, ಹೋಗೋರು. ಏನಾಯ್ತು ಅಂತ ಒಬ್ರೂ ಕೂತು ಹೇಳ್ಲಿಲ್ಲ. ನಾನೇ ಏನೋ ತಪ್ಪು ಮಾಡಿದೆ, ಮೆಟ್ಟಿಲು ಹತ್ತಿದ್ದಕ್ಕೆ ಹೀಗಾಯ್ತು ಅಂದುಕೊಂಡೇ ಮೂರು ವರ್ಷ ಕಳೆದೆ. ಮಗಳ ಶಾಲೆಗೆ ಕಾಗದ ಹುಡುಕ್ತಾ ಇದ್ದಾಗ ಡಿಸ್ಚಾರ್ಜ್ ಕಾರ್ಡಿನ ಹಿಂದೆ ಅರ್ಧ ಸಾಲು ಸಿಕ್ತು. ಅದನ್ನ ಗೆಳತಿ ಓದಿ ಬಿಡಿಸಿ ಹೇಳಿದ್ಳು. ಮೆಟ್ಟಿಲಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಗೊತ್ತಾಗಿದ್ದು ಆವತ್ತು.

ಬಿಳಿಕೋಟು:
ನೀವು ಬರೆದದ್ದನ್ನು ಎರಡು ಸಲ ಓದಿದೆ. ಐದು ನಿಮಿಷದ ಕೆಲಸ ಅದು. ನಾನೂ ಎಷ್ಟೋ ಸಲ ಮಾಡಿಲ್ಲ.

ಹಾಳೆ_ಪೆನ್ನು:
ಎಲ್ಲಾ ಓದಿ ಅತ್ತುಬಿಟ್ಟೆ, ಆಮೇಲೆ ಬರೆದೆ. ತಿದ್ದಿ ಕೊಡಿ.

"ಡಾಕ್ಟರ್ ಮತ್ತು ಸಿಸ್ಟರಿಗೆ. ಮಗುಗೋ ನನಗೋ ಅಪಾಯ ಅಂತ ನಿಮಗೆ ಅನ್ನಿಸಿದ್ರೆ ಏನು ಬೇಕೋ ಮಾಡಿ, ಆದ್ರೆ ಒಂದು ಮಾತಲ್ಲಿ ಯಾಕೆ ಅಂತ ಹೇಳಿ. ನನ್ನ ಅಕ್ಕ ಜೊತೇಲಿ ಇರ್ತಾಳೆ. ಒಳಪರೀಕ್ಷೆಗೆ ಮುಂಚೆ ಹೇಳಿ, ಆದ್ಮೇಲೆ ಎಷ್ಟಾಗಿದೆ ಅಂತ ಹೇಳಿ. ಆದಷ್ಟು ಹೊತ್ತು ಓಡಾಡ್ತೀನಿ. ನೋವು ತಡೆಯೋಕಾಗದಿದ್ರೆ ಎಪಿಡ್ಯೂರಲ್ ಕೇಳ್ತೀನಿ, ಆಗ ಧೈರ್ಯ ಹೇಳಬೇಡಿ, ಔಷಧ ಕೊಡಿ. ಡ್ರಿಪ್ಪಿಗೆ ಏನಾದ್ರೂ ಹಾಕೋ ಮುಂಚೆ, ಕತ್ತರಿ ಹಾಕೋ ಮುಂಚೆ ಕೇಳಿ. ಮಗು ಹುಷಾರಾಗಿದ್ರೆ ಬಳ್ಳಿ ಕತ್ತರಿಸೋಕೆ ಒಂದು ನಿಮಿಷ ಕಾಯಿರಿ, ಎದೆ ಮೇಲೆ ಕೊಡಿ. ಸಿಸೇರಿಯನ್ ಆದ್ರೂ ಇದೇ. ಎಲ್ಲಾ ಮುಗಿದ್ಮೇಲೆ, ಮಾರನೇ ದಿನವಾದ್ರೂ ಸರಿ, ಏನಾಯ್ತು ಅಂತ ಕೂತು ಹೇಳಿ."

ರಾತ್ರಿಪಾಳಿ:
ಚೆನ್ನಾಗಿದೆ ಕಣಮ್ಮ. ಒಂದೇ ಮಗ್ಗುಲಲ್ಲಿ ಮುಗಿದಿದೆ, ಅದು ಮುಖ್ಯ. ನಾಲ್ಕು ಪುಟ ಇದ್ರೆ ನಾವು ಓದಲ್ಲ, ಸುಳ್ಳು ಯಾಕೆ ಹೇಳ್ಲಿ. ದೊಡ್ಡ ಅಕ್ಷರದಲ್ಲಿ ಬರಿ, ರಾತ್ರಿ ಎರಡು ಗಂಟೇಲಿ ಕಣ್ಣು ಮಂಜಾಗಿರುತ್ತೆ.

ಅಕ್ಕನ ಸಾಲು ಮೇಲಕ್ಕೆ ತಗೋ. ಬರೀ ಕೈ ಹಿಡ್ಕೊಳ್ಳೋಕೆ ಅಲ್ಲ ಅವಳು. 17 ದೇಶದ 26 ಪ್ರಯೋಗ, 15 ಸಾವಿರಕ್ಕೂ ಹೆಚ್ಚು ಹೆಂಗಸರನ್ನ ಒಟ್ಟು ಹಾಕಿ 2017ರಲ್ಲಿ ಕಾಕ್ರನ್‌ನವರು ನೋಡಿದ್ರು. ಉದ್ದಕ್ಕೂ ಒಬ್ರು ಜೊತೇಲಿದ್ದವರಿಗೆ ಸಿಸೇರಿಯನ್ ಕಡಿಮೆ, ನೋವಿನ ಹೊತ್ತೂ ಕಡಿಮೆ. ನೀನು ಮಾತಾಡೋಕಾಗದೆ ಇದ್ದಾಗ ಹಾಳೆ ತೆಗೆದು ತೋರಿಸೋಳು ಅವಳೇ. ಅಕ್ಕನಿಗೂ ಇದನ್ನ ಬಾಯಿಪಾಠ ಮಾಡಿಸು.

"ಒಂದು ಮಾತಲ್ಲಿ ಯಾಕೆ ಅಂತ" ಅನ್ನೋದ್ರ ಜೊತೆ ಇನ್ನೊಂದು ಪ್ರಶ್ನೆ ಕಲಿತಿಟ್ಟುಕೋ: "ಈಗ ಏನೂ ಮಾಡದೆ ಕಾದ್ರೆ ಏನಾಗುತ್ತೆ?" ನಿಜವಾಗ್ಲೂ ತುರ್ತು ಇದ್ರೆ ಅರೆಕ್ಷಣದಲ್ಲಿ ಉತ್ತರ ಬರುತ್ತೆ. ಇಲ್ದಿದ್ರೆ ಎದುರಿನವರು ಸ್ವಲ್ಪ ಯೋಚಿಸ್ತಾರೆ. ಆ ಯೋಚನೆ ಮಾಡೋ ಹೊತ್ತು ನಿಂದು.

ಬಿಳಿಕೋಟು:
ಹಾಳೆಯನ್ನು ಹೆರಿಗೆಯ ದಿನ ತರಬೇಡಿ. 36ನೇ ವಾರದ ಚೆಕಪ್‌ಗೆ ತನ್ನಿ, ವೈದ್ಯರ ಮುಂದೆ ಓದಿ, ಕೇಸ್ ಶೀಟಿಗೆ ಸೇರಿಸಲು ಹೇಳಿ. ಒಪ್ಪದ ಸಾಲಿದ್ದರೆ ಅವರು ಅಲ್ಲೇ ಹೇಳಲಿ. ಆಗ ಬೇರೆ ಕಡೆ ನೋಡುವುದಕ್ಕೂ ನಿಮಗೆ ಸಮಯ ಇರುತ್ತದೆ.

ಇಬ್ಬರ_ಅಮ್ಮ:
"ಧೈರ್ಯ ಹೇಳಬೇಡಿ, ಔಷಧ ಕೊಡಿ" 😂 ಇದನ್ನ ಕಟ್ಟು ಹಾಕಿಸಿ ಗೋಡೆಗೆ ಹೊಡೀಬೇಕು.

ಹಾಳೆ_ಪೆನ್ನು:
(ಹತ್ತು ವಾರ ಆದ್ಮೇಲೆ)

ಮಗಳು. ಮೂರು ಕೆಜಿ ನೂರು ಗ್ರಾಂ. ಒಂದು ಕೈಯಲ್ಲಿ ಟೈಪ್ ಮಾಡ್ತಿದೀನಿ.

36ನೇ ವಾರ ಹಾಳೆ ಓದಿದೆ. ಡಾಕ್ಟರ್ ಈ ಸಲ ಕಂಪ್ಯೂಟರ್ ಬಿಟ್ಟು ನನ್ನ ಕಡೆ ತಿರುಗಿದ್ರು. ಎಪಿಡ್ಯೂರಲ್ ರಾತ್ರಿ ಹೊತ್ತು ಸಿಗೋದು ಗ್ಯಾರಂಟಿ ಇಲ್ಲ ಅಂದ್ರು, ಉಳಿದದ್ದಕ್ಕೆ ತಲೆ ಆಡಿಸಿ ಪಿನ್ನು ಹೊಡೆದು ಫೈಲಿಗೆ ಸೇರಿಸಿದ್ರು.

ನೋವು ಹತ್ತೊಂಬತ್ತು ಗಂಟೆ. ಏಳು ಸೆಂಟಿಮೀಟರಿಗೆ ಬಂದು ನಿಂತುಬಿಡ್ತು. ಸಿಸೇರಿಯನ್ ಮಾಡೋಣ್ವಾ ಅಂತ ಬಂದ್ರು. ನನಗೆ ಬಾಯಿ ಒಣಗಿ ಮಾತು ಬರ್ತಿರ್ಲಿಲ್ಲ, ಅಕ್ಕ ಕೇಳಿದ್ಳು, ಈಗ ಏನೂ ಮಾಡದೆ ಕಾದ್ರೆ ಏನಾಗುತ್ತೆ ಅಂತ. ಡಾಕ್ಟರ್ ಯೋಚಿಸಿದ್ರು, ಸಿಸ್ಟರ್ ಹೇಳಿದ ಹಾಗೇ! "ಮಗು ಚೆನ್ನಾಗಿದೆ, ಇನ್ನೆರಡು ಗಂಟೆ ನೋಡಬಹುದು" ಅಂದ್ರು. ನೋಡಿದ್ವಿ. ಏಳು ಏಳೇ ಆಗಿತ್ತು. ಮಗು ಮುಖ ಮೇಲೆ ಮಾಡ್ಕೊಂಡಿದೆ ಅಂದ್ರು. ಹೂಂ ಅಂದೆ. ಸಹಿ ನಾನೇ ಹಾಕ್ದೆ, ಅಕ್ಷರ ಹುಳ ಹರಿದ ಹಾಗಿದೆ. ಬಳ್ಳಿಗೆ ಒಂದು ನಿಮಿಷ ಕಾದ್ರು, ಯಾರೋ ಗಟ್ಟಿಯಾಗಿ ಸೆಕೆಂಡ್ ಎಣಿಸ್ತಿದ್ರು, ಪರದೆ ಈಚೆಗೆ ಕೇಳಿಸ್ತಿತ್ತು. ಹೊಟ್ಟೆ ಹೊಲೀತಿರುವಾಗ್ಲೇ ಎದೆ ಮೇಲೆ ಕೊಟ್ರು.

ಬೇಜಾರಾಗಿದ್ದು ಒಂದೇ. ರಾತ್ರಿ ಎಂಟಕ್ಕೆ ಪಾಳಿ ಬದಲಾಯ್ತು. ಹೊಸಬರು ಬಂದವರೇ ಹೊದಿಕೆ ಸರಿಸಿ ಕೈ ಹಾಕಿಬಿಟ್ರು. "ಹೇಳಿ ಮಾಡಿ" ಅಂದೆ, ಅಂದಿದ್ದು ಕಿರುಚಿದ ಹಾಗಿತ್ತು. ಅವರು ಕೈ ತೆಗೆದು ಒಂದು ಕ್ಷಣ ಸುಮ್ನೆ ನಿಂತ್ರು, ಆಮೇಲೆ ತಮ್ಮ ಹೆಸರು ಹೇಳಿದ್ರು.

ಮೂರು_ವರ್ಷ:
ಮಾರನೇ ದಿನ ಕೂತು ಹೇಳಿದ್ರಾ?

ಹಾಳೆ_ಪೆನ್ನು:
ಹೇಳಿದ್ರು ಅಕ್ಕ. ಕುರ್ಚಿ ಎಳ್ಕೊಂಡು ಕೂತು, ಪೆನ್ನಿನ ಕ್ಯಾಪ್ ಒಂದು ಕಡೆ ಹಿಡಿದು ಇನ್ನೊಂದು ಕೈಯಲ್ಲಿ ಮಗು ತಲೆ ಹೇಗೆ ತಿರುಗಿತ್ತು ಅಂತ ತೋರಿಸಿದ್ರು. ಆ ಸಾಲು ನಿಮ್ಮಿಂದ ಬಂದಿದ್ದು.

ಪುಟ್ಟಹೆಜ್ಜೆ:
ನಮಸ್ತೆ, ನನಗೀಗ 28 ವಾರ. ಆ ಹಾಳೆ ಫೋಟೋ ಹಾಕ್ತೀರಾ ಅಕ್ಕ?

ಹಾಳೆ_ಪೆನ್ನು:
ಕೇಸ್ ಶೀಟ್ ಜೊತೆ ಆಸ್ಪತ್ರೇಲೇ ಉಳ್ಕೊಂಡ್ತು. ಮೇಲೆ ಟೈಪ್ ಮಾಡಿರೋದೇ ಅದು, ಅಕ್ಕನ ಸಾಲನ್ನ ಮಾತ್ರ ಮೊದಲಿಗೆ ತಗೊಂಡೆ. ಒಳಪರೀಕ್ಷೆ ಸಾಲಿಗೆ "ಪಾಳಿ ಬದಲಾದ್ರೆ ಹೊಸಬರಿಗೂ ಈ ಹಾಳೆ ತೋರಿಸಿ" ಅಂತ ಸೇರಿಸ್ಕೊಳ್ಳಿ. ನಾನು ಅದು ಬರೆಯೋಕೆ ಮರೆತಿದ್ದೆ.